ಮುಚ್ಚಿದರೂ ಮಲಗದ ಟೀಚರ್

ಕಕ್ಕಿಂಜೆ, ಬೆಳ್ತಂಗಡಿ ತಾಲೂಕು
12 ಜನವರಿ 2025

ಅಣ್ಣು,

ಇಷ್ಟು ವರ್ಷ ಇಲ್ಲದ ಕಾಗದ ಈಗ ಯಾಕೆ ಬಂತು ಎಂದು ನೀನು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿರಬಹುದು. ಮಂಗಳೂರಿನ ಡಾಕ್ಟರು ಅಕ್ಟೋಬರಿನಲ್ಲಿ ನನ್ನ ಧ್ವನಿಪೆಟ್ಟಿಗೆಯನ್ನು ತೆಗೆದದ್ದು ನಿನಗೆ ಗೊತ್ತುಂಟು. ಫೋನ್ ಮಾಡಿದರೆ ನೀನು ಆಚೆಯಿಂದ ಹಲೋ ಹಲೋ ಎನ್ನುತ್ತೀ, ನಾನು ಈಚೆಯಿಂದ ಉಸಿರು ಬಿಡುತ್ತೇನೆ, ಅಷ್ಟೇ. ಮೊಬೈಲಿನಲ್ಲಿ ಮೆಸೇಜು ಒತ್ತಲು ಹೋದರೆ ನನ್ನ ಬೆರಳು ಒಂದಕ್ಕೆ ಮೂರು ಅಕ್ಷರ ಒತ್ತುತ್ತದೆ. ರೇಂಜ್ ಬರುವುದೂ ಅದಕ್ಕೆ ಮನಸ್ಸಾದಾಗ. ಹಾಗಾಗಿ ಪೆನ್ನು ಹಿಡಿದೆ.

ತಾಳಮದ್ದಳೆಯಲ್ಲಿ ಎದುರುಬದುರು ಕೂತು, ಭಾಗವತರು ಪದ ಮುಗಿಸಿದ ಕೂಡಲೇ ವಾದಕ್ಕಿಳಿದು, ಸೋಲು ಒಪ್ಪದೆ ಬೆಳಗು ಮಾಡಿದವರು ನಾವು. ಈಗ ಒಳಗೆ ಒಂದು ಚಾ ಹೇಳಲಿಕ್ಕೂ ನನಗೆ ಯಂತ್ರ ಬೇಕು. ಮಗಳು ಚಿತ್ರಾ ಕನ್ಯಾನದಿಂದ ಬಂದಾಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಬಿಟ್ಟುಹೋದಳು. ನಾನು ಕನ್ನಡದಲ್ಲಿ ಒತ್ತಿದ್ದನ್ನು ಅದರೊಳಗಿನ ಒಬ್ಬಳು ಹೆಂಗಸು ಗಟ್ಟಿಯಾಗಿ ಓದುತ್ತಾಳೆ. ನಮ್ಮ ಹೋಟೆಲಿನ ರೀತಿ ನಿನಗೆ ಗೊತ್ತುಂಟಲ್ಲ. ಗಂಡ ನಾನು ಗಲ್ಲಾದಲ್ಲಿ, ಹೆಂಡತಿ ಸೇಸಮ್ಮ ಗೋಡೆಯಾಚೆ ಒಲೆಯ ಮುಂದೆ. ಅವಳಿಗೆ ಓದಲು ಬರುವುದಿಲ್ಲ, ಹಾಗಾಗಿ ಚೀಟಿ ಬರೆದು ಪ್ರಯೋಜನವಿಲ್ಲ. ಅವಳಿಗೂ ನನಗೂ ನಡುವೆ ಉಳಿದಿರುವುದು ಈ ಯಂತ್ರ ಒಂದೇ.

ಮೊದಲ ದಿನ ಅದು ಆಕಾಶವಾಣಿಯ ವಾರ್ತೆಯ ಹಾಗೆ, "ಸೇಸಮ್ಮ, ಎರಡು ಪ್ಲೇಟು ಗೋಳಿಬಜೆ, ಮೂರು ಚಹಾ" ಎಂದು ಘೋಷಿಸಿದಾಗ ಇದ್ದ ಗಿರಾಕಿಗಳೆಲ್ಲ ಎದ್ದು ಬಂದು ನೋಡಿದರು. ಸೇಸಮ್ಮ ಸೌಟು ಹಿಡಿದೇ ಹೊರಗೆ ಬಂದಳು. "ಯಾರಿದು ಟೀಚರ್? ನನ್ನ ಹೆಸರು ಹಿಡಿದು ಕರೀತಾರೆ? ಅಷ್ಟು ಅವಸರ ಇದ್ದರೆ ಒಳಗೆ ಬಂದು ಎರಡು ಬಜೆ ಬಿಡ್ಲಿ!" ಅಂದಿನಿಂದ ಅದರ ಹೆಸರು ಟೀಚರ್.

ಈಗ ಕಷ್ಟ ಏನೆಂದರೆ, ಮುಚ್ಚಳ ಮುಚ್ಚಿದರೆ ಟೀಚರ್ ಮಲಗಬೇಕು, ಮಲಗುವುದಿಲ್ಲ. ಒಳಗೊಳಗೆ ಎಚ್ಚರವಾಗಿಯೇ ಇದ್ದು, ಕಾದು ಕಾವಲಿಯಾಗಿ, ಬ್ಯಾಟರಿಯನ್ನೆಲ್ಲ ತಿಂದು ಮುಗಿಸುತ್ತದೆ. ಗಲ್ಲಾದ ಹತ್ತಿರ ಪ್ಲಗ್ಗಿಲ್ಲ. ಸಂಜೆ ಬಸ್ಸಿನ ಜನ ಬಂದು ಕೂತಾಗ ತೆರೆದು ನೋಡಿದರೆ ಪರದೆ ಕಪ್ಪು. ನಿನ್ನೆ ಲೋಟದಿಂದ ಮೇಜು ಬಡಿದು ಕರೆದೆ. ಸೇಸಮ್ಮ ಒಳಗಿಂದಲೇ, "ಬಾಗಿಲು ಬಡೀಬೇಡಿ, ತೆರೆದೇ ಉಂಟು, ಬನ್ನಿ!" ಎಂದಳು. ಗಿರಾಕಿಗಳು ನಕ್ಕರು. ನಾನೂ ನಕ್ಕೆ. ನನ್ನ ನಗುವಿಗೂ ಈಗ ಶಬ್ದ ಇಲ್ಲ ನೋಡು.

ನಮ್ಮ ಕೂಟಗಳಿಗೆ ಮೈಕ್ ಹಾಕುತ್ತಿದ್ದ ನಿಝಾರ್ ಈಗ ಪಾಣೆಮಂಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನಂತೆ. ಅವನನ್ನು ಕೇಳಿ ತಿಳಿಸು.

ನಿನ್ನ ಎದುರು ಪಕ್ಷ,
ಚನಿಯಪ್ಪ


ಪುತ್ತಿಗೆ, ಮೂಡಬಿದ್ರೆ
25 ಜನವರಿ 2025

ಚನಿಯಪ್ಪ,

ನಿನ್ನ ಕಾಗದವನ್ನು ನನ್ನ ಮನೆಯಾಕೆ ಸರಸಳಿಗೆ ಓದಿ ಹೇಳಿದೆ. ಟೀಚರ ಸಂಗತಿ ಬಂದಾಗ ನಕ್ಕಳು. ಕೊನೆಗೆ ಬರುವಾಗ ಕಣ್ಣೊರೆಸಿಕೊಂಡು ಎದ್ದು ಹೋದಳು.

ನಿಝಾರನಿಗೆ ಫೋನ್ ಮಾಡಿದೆ. "ಅದು ದೊಡ್ಡ ಸಂಗತಿ ಅಲ್ಲ ಶೆಟ್ರೆ, ಸೆಟ್ಟಿಂಗ್ ಅಷ್ಟೇ" ಎಂದ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಕಂಟ್ರೋಲ್ ಪ್ಯಾನಲ್ ಎಂದು ಹುಡುಕಬೇಕು. ಅದರೊಳಗೆ ಪವರ್ ಎಂದು ಉಂಟು. ಅಲ್ಲಿ, ಮುಚ್ಚಳ ಮುಚ್ಚಿದರೆ ಏನು ಮಾಡಬೇಕು ಎಂದು ಯಂತ್ರವೇ ನಿನ್ನನ್ನು ಕೇಳುತ್ತದೆ. ಬ್ಯಾಟರಿಗೆ ಬೇರೆ, ಕರೆಂಟಿಗೆ ಬೇರೆ ಉತ್ತರ ಕೊಡಬೇಕು. ಎರಡರಲ್ಲೂ ಸ್ಲೀಪ್ ಎಂಬುದನ್ನೇ ಆರಿಸು. ಕೆಳಗೆ ಸೇವ್ ಒತ್ತಲು ಮರೆಯಬೇಡ. ನಾನು ನೋಡದ ಯಂತ್ರದ ಬಗ್ಗೆ ಇಷ್ಟು ಧೈರ್ಯದಿಂದ ಮಾತಾಡುವುದು ನನಗೆ ಹೊಸತಲ್ಲ ಎಂದು ನೀನು ಹೇಳುತ್ತೀ, ಗೊತ್ತು.

ಆಪರೇಷನ್ ಆದ ಮೇಲೆ ನಾನು ಬಂದು ನೋಡಲಿಲ್ಲ. ಬರಬೇಕು. ಮಂಡಿ ನೋವು ಸ್ವಲ್ಪ ಇಳಿಯಲಿ.

ಅಣ್ಣು


ಕಕ್ಕಿಂಜೆ
16 ಫೆಬ್ರವರಿ 2025

ಅಣ್ಣು,

ನೀನು ಹೇಳಿದ ಕಡೆಗೆಲ್ಲ ಹೋಗಿ ಬಂದೆ. ಎರಡರಲ್ಲೂ ಮೊದಲೇ ಸ್ಲೀಪ್ ಎಂದೇ ಇತ್ತು! ಆದರೂ ಇನ್ನೊಮ್ಮೆ ಆರಿಸಿ, ಸೇವ್ ಒತ್ತಿ, ಯಂತ್ರವನ್ನು ಬಂದ್ ಮಾಡಿ ಮತ್ತೆ ಹಚ್ಚಿ ನೋಡಿದೆ. ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದರೆ ಆಗ ತಾನೇ ಇಳಿಸಿದ ಹೆಂಚಿನ ಹಾಗೆ ಬಿಸಿ. ಟೀಚರಿಗೆ ಎಂಥಾ ಚಿಂತೆಯೋ ಗೊತ್ತಿಲ್ಲ.

ಪಕ್ಕದ ಹೊಲಿಗೆ ಅಂಗಡಿಯ ರಶೀನಾ ಬಂದು, ಮೌಸ್ ತೆಗೆದು ನೋಡಿ, ಪೆನ್‌ಡ್ರೈವ್ ತೆಗೆದು ನೋಡಿ ಎಂದಳು. ಇದ್ದದ್ದನ್ನೆಲ್ಲ ತೆಗೆದದ್ದಾಯಿತು. ಸೇಸಮ್ಮ ಅಷ್ಟರಲ್ಲಿ, "ದೃಷ್ಟಿ ತೆಗೀಬೇಕಾ ಅಂತ ಒಂದು ಸಲ ಕೇಳಿ ಅದಕ್ಕೆ" ಎಂದಳು. ಅವಳಿಗೆ ಈಗ ಟೀಚರ ಮೇಲೆ ಸಿಟ್ಟು ಇಳಿದಿದೆ. ನಾನು ಕರೆದಾಗ "ಬಂದೆ ಟೀಚರೇ" ಎನ್ನುತ್ತಾಳೆ. ನನ್ನ ಕಡೆ ನೋಡದೆ ಯಂತ್ರದ ಕಡೆ ನೋಡಿ ಉತ್ತರ ಕೊಡುತ್ತಾಳೆ. ಒಮ್ಮೊಮ್ಮೆ ನಾನು ಅವರಿಬ್ಬರ ನಡುವೆ ಕೂತ ಮೂರನೆಯವನು ಅನಿಸುತ್ತದೆ.

ಮುಂದಿನ ಸೋಮವಾರ, 24ಕ್ಕೆ, ಬೆಳಿಗ್ಗೆ ಬಂಟ್ವಾಳದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಲ್ಯಾಪ್‌ಟಾಪ್ ಕೊಡುತ್ತೇನೆ. ಬಿ.ಸಿ. ರೋಡಿನಲ್ಲಿ ತೆಗೆದುಕೊಳ್ಳಲು ನಿಝಾರನಿಗೆ ಹೇಳು. ಅದು ತಿರುಗಿ ಬರುವವರೆಗೆ ನನ್ನದು ಕೈಸನ್ನೆಯ ಹೋಟೆಲು. ಸನ್ನೆ ನೋಡಬೇಕಾದರೆ ಅವಳು ಒಲೆ ಬಿಟ್ಟು ಹೊರಗೆ ಬರಬೇಕು.

ಚನಿಯಪ್ಪ


ಪಾಣೆಮಂಗಳೂರು
3 ಮಾರ್ಚ್ 2025

ಚನಿಯಪ್ಪಣ್ಣನಿಗೆ ನಿಝಾರ್ ಮಾಡುವ ಸಲಾಂ.

ನಿಮ್ಮ ಲ್ಯಾಪ್‌ಟಾಪನ್ನು ಚೆನ್ನಾಗಿ ನೋಡಿದ್ದೇನೆ. ಇಲ್ಲಿ ಅದಕ್ಕೆ ಒಂದು ದೋಷವೂ ಇಲ್ಲ. ಮುಚ್ಚಿದರೆ ಮಲಗುತ್ತದೆ, ತೆರೆದರೆ ಏಳುತ್ತದೆ. ಅನುಮಾನಕ್ಕೆ ವಾರವಿಡೀ ಅಂಗಡಿಯಲ್ಲಿಟ್ಟು ಬಂದವರ ಕೈಯಲ್ಲೆಲ್ಲ ಮುಚ್ಚಿಸಿದೆ. ಫ್ಯಾನಿನ ಧೂಳು ತೆಗೆದು ಒಳಗಿನ ಸಾಫ್ಟ್‌ವೇರ್ ಹೊಸತು ಹಾಕಿದ್ದೇನೆ. ದುಡ್ಡಿನ ಮಾತು ಬೇಡ. ತಾಳಮದ್ದಳೆಯಲ್ಲಿ ನಿಮ್ಮ ಅರ್ಥಗಾರಿಕೆ ಕೇಳಲಿಕ್ಕೆ ಮೈಕಿನ ಹತ್ತಿರವೇ ಕೂತವನು ನಾನು.

ಇದು ನಿಮ್ಮಲ್ಲಿ ಯಾಕೆ ಹಾಗೆ ಮಾಡುತ್ತದೆಂದು ನನಗೆ ನಿಜವಾಗಿ ಗೊತ್ತಾಗಲಿಲ್ಲ. ಕ್ಷಮಿಸಬೇಕು.

ನಿಮ್ಮವ,
ನಿಝಾರ್


ಕಕ್ಕಿಂಜೆ
10 ಏಪ್ರಿಲ್ 2025

ಅಣ್ಣು,

ಲ್ಯಾಪ್‌ಟಾಪ್ ಬಂದ ದಿನವೇ ಮೊದಲಿನ ಹಾಗೆ. ಪಾಣೆಮಂಗಳೂರಿನಲ್ಲಿ ಮಲಗುತ್ತದೆ, ಕಕ್ಕಿಂಜೆಯಲ್ಲಿ ಮಲಗುವುದಿಲ್ಲ. ಗಂಡನ ಮನೆಯಲ್ಲಿ ನಿದ್ದೆ ಬಾರದ ಮದುಮಗಳ ಹಾಗೆ. ಇನ್ನು ಅದರ ಬಗ್ಗೆ ಬರೆಯುವುದಿಲ್ಲ ಎಂದುಕೊಂಡಿದ್ದೆ. ಬರೆಯಬೇಕಾಗಿ ಬಂದಿದೆ.

ಕಳೆದ ವಾರ ಮಂಗಳೂರಿಗೆ ತಪಾಸಣೆಗೆ ಒಬ್ಬನೇ ಹೋಗಿದ್ದೆ. ಹೋಟೆಲು ಮುಚ್ಚಬಾರದೆಂದು ಸೇಸಮ್ಮನನ್ನು ನಿಲ್ಲಿಸಿದ್ದೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಗಂಟಲಿನಲ್ಲಿ ಇದ್ದದ್ದು ಈಗ ಶ್ವಾಸಕೋಶಕ್ಕೆ ಇಳಿದಿದೆಯಂತೆ. ಇಂಜೆಕ್ಷನ್ ಕೊಡಬಹುದು, ಅದರಿಂದ ಸ್ವಲ್ಪ ಕಾಲ ಸಿಗಬಹುದು, ಸಿಗದೆಯೂ ಇರಬಹುದು, ಮನೆಯವರಲ್ಲಿ ಮಾತಾಡಿ ಬನ್ನಿ ಎಂದರು. ಮಾತಾಡಿ ಬನ್ನಿ ಎಂದವರು ನನ್ನ ಕುತ್ತಿಗೆಯ ತೂತನ್ನು ನೋಡಿ ನಾಲಿಗೆ ಕಚ್ಚಿಕೊಂಡು ಫಿಲ್ಮನ್ನು ಕವರಿಗೆ ತುಂಬಿದರು. ಪಾಪ, ಒಳ್ಳೆಯ ಹುಡುಗ.

ಸೇಸಮ್ಮ ಕೇಳಿದಳು. "ಎಂತ ಹೇಳಿದ್ರು?" ನಾನು ಕೈ ಅಲ್ಲಾಡಿಸಿದೆ. ಒಳ್ಳೆಯದುಂಟು ಎಂದು ಅವಳು ತಿಳಿದುಕೊಂಡಳು. ಆ ಸಂಜೆ ನನಗಾಗಿ ಪತ್ರೊಡೆ ಮಾಡಿದಳು.

ಹೇಗೆ ಹೇಳಲಿ? ಬರೆದರೆ ಅವಳು ಓದಲಾರಳು. ಓದಿಸಬೇಕೆಂದರೆ ರಶೀನಾ, ಇಲ್ಲವೇ ಚಿತ್ರಾ. ಚಿತ್ರಾಳ ಮಗು ಇನ್ನೂ ಎದೆಹಾಲು ಕುಡಿಯುತ್ತಿದೆ, ಅವಳಿಗೆ ನಾನೇ ಹೇಳಿಲ್ಲ. ಉಳಿದದ್ದು ಟೀಚರ್. ಚಾ, ಬಜೆ, ಬನ್ಸು ಎಂದು ದಿನವಿಡೀ ಕೂಗುವ ಆ ಸ್ವರದಲ್ಲಿ ಇದನ್ನು ಹೇಳಿಸಲೇ? ಒಂದು ವೇಳೆ ಮನಸ್ಸು ಗಟ್ಟಿ ಮಾಡಿಕೊಂಡು ಕೂತರೆ ಬ್ಯಾಟರಿ ಸತ್ತಿರುತ್ತದೆ. ಸತ್ತದ್ದು ಒಳ್ಳೆಯದಾಯಿತು ಎಂದು ನಾನು ಎದ್ದುಬಿಡುತ್ತೇನೆ.

ನೀನು ಬರುತ್ತೀಯಾ? ಬಂದು ನಿನ್ನ ಬಾಯಲ್ಲಿ ಅವಳಿಗೆ ಹೇಳುತ್ತೀಯಾ? ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಚನಿಯಪ್ಪ


ಪುತ್ತಿಗೆ
24 ಏಪ್ರಿಲ್ 2025

ಚನಿಯಪ್ಪ,

ಕಾಗದ ಬಂದು ತುಂಬಾ ದಿನವಾಯಿತು. ಉತ್ತರ ಬರೆದು ಹರಿದೆ, ಮತ್ತೆ ಬರೆದೆ.

ಮೊದಲಿಗೆ, ಡಾಕ್ಟರು ಹೇಳಿದ್ದೇ ಕೊನೆಯಲ್ಲ. ಇನ್ನೊಬ್ಬರಿಗೆ ತೋರಿಸಬೇಕು. ನನ್ನ ಭಾವ ಒಬ್ಬರಿಗೆ ಇದೇ ಆಗಿ ಈಗಲೂ ತೋಟಕ್ಕೆ ಹೋಗಿ ಬರುತ್ತಿದ್ದಾರೆ.

ಬರುವ ವಿಷಯ. ಮಗ ಅಶ್ವಿತನ ನಿಶ್ಚಿತಾರ್ಥ ಈ ತಿಂಗಳೇ ಇಟ್ಟುಕೊಂಡಿದ್ದೇವೆ, ಹುಡುಗಿಯ ಕಡೆಯವರು ಬಂದು ಹೋಗುತ್ತಿದ್ದಾರೆ. ಮಂಡಿಯೂ ಬಸ್ಸಿನಲ್ಲಿ ಮಡಚಲು ಬಿಡುವುದಿಲ್ಲ. ಅದೂ ಅಲ್ಲದೆ ಇಂಥ ಮಾತು ಗಂಡನಿಂದ ಬರುವುದೇ ಸರಿ ಎಂದು ನನಗೆ ತೋರುತ್ತದೆ. ಹೀಗೆ ಮಾಡಬಹುದು. ಒಳ್ಳೆಯ ಮಾತಿನಿಂದ ಆರಂಭಿಸು. ಹೆಚ್ಚು ವಿವರ ಬೇಡ. ಕೊನೆಗೆ ಅವಳಿಗೆ ಏನಾದರೂ ಒಂದು ಕೆಲಸ ಹೇಳು, ಕೈಗೆ ಕೆಲಸ ಇದ್ದರೆ ಮನಸ್ಸು ಹಿಡಿತದಲ್ಲಿರುತ್ತದೆ. ಮೊದಲೇ ಪೂರ್ತಿ ಒತ್ತಿ ಇಟ್ಟುಕೋ, ಧೈರ್ಯ ಬಂದ ಗಳಿಗೆಯಲ್ಲಿ ಗುಂಡಿ ಒತ್ತಿದರಾಯಿತು.

ಸರಸ ಈ ಕಾಗದವನ್ನು ಬೆನ್ನ ಹಿಂದೆ ನಿಂತು ಓದಿದಳು. "ನಿಮ್ಮ ಬಾಯಿ ಇರೋದು ಮೈಕಿನ ಎದುರು ಮಾತ್ರ" ಎಂದಳು. ಹರಿಯಬೇಕೆಂದಿದ್ದೆ. ಹರಿದರೆ ಇನ್ನೊಂದು ಬರೆಯಲಾರೆ, ಹಾಗಾಗಿ ಕಳುಹಿಸುತ್ತಿದ್ದೇನೆ.

ಅಣ್ಣು


ಕಕ್ಕಿಂಜೆ
18 ಮೇ 2025

ಅಣ್ಣು,

ಹೇಳಿ ಆಯಿತು. ನಾನು ಹೇಳಿದೆನೋ, ಅದು ಹೇಳಿತೋ ಗೊತ್ತಿಲ್ಲ. ಆದದ್ದನ್ನು ಬರೆಯುತ್ತೇನೆ.

ನೀನು ಕಲಿಸಿದ ಹಾಗೆಯೇ ಎಲ್ಲ ಒತ್ತಿ ಸಿದ್ಧ ಮಾಡಿ ಇಟ್ಟಿದ್ದೆ. ಗುರುವಾರ ಮಧ್ಯಾಹ್ನ ಊಟದವರು ಎದ್ದು ಹೋಗಿ ಹೋಟೆಲು ಖಾಲಿಯಾಗಿತ್ತು. ಸೇಸಮ್ಮ ಹೊರಗಿನ ಬೆಂಚಿನಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಬ್ಯಾಟರಿ ತುಂಬಿತ್ತು. ನೆವ ಒಂದೂ ಉಳಿದಿರಲಿಲ್ಲ. ಗುಂಡಿ ಒತ್ತಿದೆ.

"ಸೇಸಮ್ಮ" ಎಂದಿತು ಟೀಚರ್. ಅವಳು ತಿರುಗಿ, ಮೊರ ಮಡಿಲಲ್ಲಿಟ್ಟುಕೊಂಡೇ ನಕ್ಕಳು. "ಎಂತ ಟೀಚರೇ? ಈಗ ತಾನೆ ಕೂತದ್ದು ಮಾರಾಯ್ತಿ, ಒಂದು ಗಳಿಗೆ ಬಿಡಿ ನನ್ನನ್ನು."

ಆ ನಗು ನೋಡಿ ನನ್ನಿಂದ ಆಗಲಿಲ್ಲ ಅಣ್ಣು. ನಿಲ್ಲಿಸುವ ಕೀ ಯಾವುದೆಂದೇ ಮರೆತುಹೋಯಿತು. ಅದರ ಮುಖದ ಮೇಲೆ ಬಟ್ಟೆ ಒತ್ತಿ ಮುಚ್ಚಳ ಮುಚ್ಚಿಬಿಟ್ಟೆ. ಬಟ್ಟೆ ಯಾವಾಗಲೂ ಅಲ್ಲೇ ಇರುತ್ತದೆ. ಬಿಸಿ ಕಡುಬಿನ ಪಾತ್ರೆಗೆ ಬಟ್ಟೆ ಹಾಸದೆ ಮುಚ್ಚಳ ಹಾಕಿದರೆ ಬೆವರು ತೊಟ್ಟಿಕ್ಕಿ ಕಡುಬು ಹಾಳಾಗುತ್ತದಲ್ಲ, ಹಾಗೆಯೇ ಇದರೊಳಗೂ ಬೆವರು ಬೀಳಬಾರದೆಂದು ಸೇಸಮ್ಮ ಮೊದಲ ದಿನದಿಂದ ಕೈ ಒರೆಸುವ ಒಂದು ಬೈರಾಸನ್ನು ದಪ್ಪಗೆ ಮಡಚಿ ಕೀಗಳ ಮೇಲೆ ಹಾಸಿ ಮುಚ್ಚುತ್ತಾಳೆ. ನನಗೂ ಅದೇ ಅಭ್ಯಾಸವಾಗಿದೆ. ಆದರೆ ಟೀಚರ್ ನಿಲ್ಲಲಿಲ್ಲ. ಮುಚ್ಚಳದ ಒಳಗಿಂದ, ಬಟ್ಟೆಯ ಒಳಗಿಂದ, ಕಂಬಳಿ ಹೊದ್ದವರು ಮಾತಾಡಿದ ಹಾಗೆ ಹೇಳುತ್ತಲೇ ಹೋಯಿತು. ಶ್ವಾಸಕೋಶ ಎಂದಿತು. ಇಂಜೆಕ್ಷನ್ ಎಂದಿತು. ಸ್ವಲ್ಪ ಕಾಲ ಎಂದಿತು. ನಾನು ಎರಡೂ ಕೈ ಅದರ ಮೇಲೆ ಒತ್ತಿ ಹಿಡಿದಿದ್ದೆ. ನಾನು ಪೂರ್ಣವಿರಾಮ ಇಟ್ಟ ಕಡೆಯಲ್ಲೆಲ್ಲ ಅದು ತಪ್ಪದೆ ನಿಂತು, ಉಸಿರು ತೆಗೆದುಕೊಂಡವರ ಹಾಗೆ ಮುಂದಿನದನ್ನು ಹೇಳಿತು.

ಕೊನೆಗೆ ಒಂದು ಕೆಲಸ ಹೇಳು ಎಂದಿದ್ದೆಯಲ್ಲ. "ಗಾಬರಿಯಾಗಬೇಡ. ಈಗ ಒಂದು ಚಹಾ ಮಾಡು" ಎಂದು ಒತ್ತಿದ್ದೆ. ಅದನ್ನೂ ಹೇಳಿತು.

ಸೇಸಮ್ಮ ಮೊರವನ್ನು ಬೆಂಚಿನ ಮೇಲಿಟ್ಟು ಎದ್ದು ಒಳಗೆ ಹೋದಳು. ಚಾ ಮಾಡಿ ತಂದು ಮೇಜಿನ ಮೇಲಿಟ್ಟಳು. ನನ್ನ ಎದುರಿನಲ್ಲಿ ಅಲ್ಲ, ಮುಚ್ಚಿದ ಯಂತ್ರದ ಎದುರಿನಲ್ಲಿ. ಆಮೇಲೆ ಸಂಜೆಯ ತನಕ ಅಕ್ಕಿ ಆರಿಸಿದಳು. ಅಷ್ಟು ಅಕ್ಕಿ ನಮ್ಮಲ್ಲಿ ಇರಲಿಲ್ಲ, ಆರಿಸಿದ್ದನ್ನೇ ಮತ್ತೆ ಆರಿಸಿರಬೇಕು.

ಚನಿಯಪ್ಪ


ಪುತ್ತಿಗೆ
29 ಮೇ 2025

ಚನಿಯಪ್ಪ,

ಕಾರಣ ಸಿಕ್ಕಿತು.

ನಿನ್ನ ಕಾಗದದಲ್ಲಿ ಬಟ್ಟೆಯ ವಿಷಯವಿದ್ದ ಸಾಲುಗಳನ್ನು ನಿಝಾರನಿಗೆ ಫೋನಿನಲ್ಲಿ ಓದಿದೆ. ಅವನು ಕೂಡಲೇ, "ಅದೇ ಶೆಟ್ರೆ! ಅದೇ!" ಎಂದ. ಮುಚ್ಚಳದ ಅಂಚಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರುತ್ತದಂತೆ. ಅದು ಬಂದು ಕೆಳಗಿನ ತುಂಡಿಗೆ ತೀರ ಹತ್ತಿರ ಕೂತರೆ ಮಾತ್ರ ಯಂತ್ರಕ್ಕೆ ತನ್ನನ್ನು ಮುಚ್ಚಿದ್ದಾರೆಂದು ಗೊತ್ತಾಗುವುದು. ದಪ್ಪ ಬೈರಾಸು ನಡುವೆ ಇದ್ದರೆ ಅದರ ಲೆಕ್ಕಕ್ಕೆ ಬಾಗಿಲು ತೆರೆದೇ ಇದೆ. ಮಲಗದ ಕಾರಣ ಬಿಸಿಯಾಗುತ್ತದೆ, ಬಿಸಿಯಾಗುವ ಕಾರಣ ಸೇಸಮ್ಮ ಬಟ್ಟೆ ಹಾಕುತ್ತಾಳೆ, ಬಟ್ಟೆ ಹಾಕುವ ಕಾರಣ ಮಲಗುವುದಿಲ್ಲ. ಬಸ್ಸಿಗೆ ಕೊಡುವಾಗ ಬಟ್ಟೆ ತೆಗೆದು ಕೊಟ್ಟಿರುತ್ತೀರಿ, ಆದ್ದರಿಂದ ಅಂಗಡಿಯಲ್ಲಿ ಸರಿ ಇರುತ್ತದೆ. ಬಟ್ಟೆ ತೆಗೆದು ಮುಚ್ಚಿ. ಬೆವರು ಬೀಳುವುದಿಲ್ಲ. ಬೇಕಾದರೆ ಮುಚ್ಚಿದ ಮೇಲೆ ಹೊರಗಿನಿಂದ ಹೊದಿಸಬಹುದು. ಬೈರಾಸೇ ಆಗಬೇಕೆಂದಿಲ್ಲ, ತೆಳುವಾದ ಯಾವ ಬಟ್ಟೆಯೂ ಆದೀತು, ಗಾಳಿಯಾಡುವ ಕಂಡಿಗಳನ್ನು ಬಿಟ್ಟು ಹೊದಿಸಬೇಕು.

ಒಂದು ಪುಟವಿಡೀ ಬಟ್ಟೆಯ ಮೇಲೆ ಬರೆದುಬಿಟ್ಟೆ. ಉಳಿದ ವಿಷಯಕ್ಕೆ ಬರಲು ನನಗೆ ಬರುವುದಿಲ್ಲ ಚನಿಯಪ್ಪ.

ಅಣ್ಣು


ಕಕ್ಕಿಂಜೆ
11 ಜೂನ್ 2025

ಅಣ್ಣು ಶೆಟ್ರಿಗೆ ಸೇಸಮ್ಮ ಹೇಳುವುದು.

ಬರೀತಾ ಇರೋದು ರಶೀನಾ. ನಾನು ಹೇಳಿದ ಹಾಗೇ ಬರಿ, ಚಂದ ಮಾಡಬೇಡ ಅಂತ ಹೇಳಿದ್ದೇನೆ. ಅವರು ಪೇಟೆಗೆ ಹೋಗಿದ್ದಾರೆ, ಬರುವ ಮೊದಲು ಮುಗಿಸಬೇಕು.

ಬಟ್ಟೆ ತೆಗೆದೆ. ಈಗ ಟೀಚರ್ ಮುಚ್ಚಿದ ಕೂಡಲೇ ಮಲಗ್ತದೆ. ಅಂಗಡಿಗೆ ಕಳಿಸುವಾಗ ಬೈರಾಸು ತೆಗೆದು ಇಟ್ಟುಕೊಂಡದ್ದು ನಾನೇ. ಎಣ್ಣೆ ಹಿಡಿದ ಬಟ್ಟೆ ಕಂಡು ಜನ ಎಂತ ಹೇಳಿಯಾರು ಅಂತ. ನಿಝಾರಿಗೆ ಹೇಳಿ, ಪಾಪ, ಸುಮ್ಮನೆ ತಲೆ ಕೆಡಿಸಿಕೊಂಡ.

ನೀವು ಬರಲಿಲ್ಲ ಅಂತ ನನಗೆ ಸಿಟ್ಟುಂಟು. ಅದನ್ನು ಬಂದಾಗ ಹೇಳ್ತೇನೆ.

ಈಗ ಕಾಗದ ಯಾಕೆಂದರೆ, ಇಂಜೆಕ್ಷನ್ ಸಂಗತಿ. ಚಿತ್ರಾ ಬಂದು ಅತ್ತು ಹೋದಳು. ಡಾಕ್ಟರು ಬರುವ ಸೋಮವಾರ ಬಿಟ್ಟು ಅದರ ಆಚೆಯ ಸೋಮವಾರದೊಳಗೆ ಹೌದೋ ಅಲ್ಲವೋ ಹೇಳಬೇಕು ಅಂತಾರೆ. ಇವರು ಬೇಡ ಅಂತಾರೆ. ಇವರು ಅಂದರೆ ಟೀಚರ್. ನಾನು ಕೇಳ್ತೇನೆ, "ಇಂಜೆಕ್ಷನ್ ತೆಗೊಳ್ಳುವಾ?" ಇವರು ಒತ್ತುತ್ತಾರೆ. ಟೀಚರ್ ಹೇಳ್ತದೆ, "ಬೇಡ." ಮತ್ತೆ ಕೇಳ್ತೇನೆ. ಮತ್ತೆ, "ಬೇಡ." ಚಾ ಬೇಡ ಅನ್ನುವಾಗಲೂ ಅದೇ, ಜೀವ ಬೇಡ ಅನ್ನುವಾಗಲೂ ಅದೇ.

ಇವರ ಸ್ವರ ಇದ್ದಾಗ ಬೇಡ ಅಂದರೆ ಒಂದೇ ಬೇಡ ಆಗಿರಲಿಲ್ಲ ಶೆಟ್ರೆ. ಹೋಟೆಲು ಇಡುವ ಅಂತ ನಾನು ಹೇಳಿದಾಗ ಬೇಡ ಅಂದಿದ್ದರು. ಆ ಬೇಡದ ಕೊನೆಯಲ್ಲಿ ಸ್ವಲ್ಪ ಎಳೆತ ಇತ್ತು. ಮರುದಿನ ಕೇಳಿದೆ, ಒಪ್ಪಿದರು. ಚಿತ್ರಾಳನ್ನು ಕಾಲೇಜಿಗೆ ಕಳಿಸುವಾಗಲೂ ಹಾಗೇ. ಇನ್ನು ಕೇಳಬಾರದು ಅನ್ನುವ ಬೇಡ ಬೇರೆ ಇತ್ತು, ಅದು ಗಿಡ್ಡ. ಅದು ಬಂದರೆ ನಾನು ಬಾಯಿ ಮುಚ್ಚುತ್ತಿದ್ದೆ. ಈಗ ಯಾವ ಬೇಡ ಅಂತ ನನಗೆ ಗೊತ್ತಾಗುವುದಿಲ್ಲ. ಎಷ್ಟು ಕೇಳಬೇಕು, ಎಲ್ಲಿ ನಿಲ್ಲಿಸಬೇಕು ಗೊತ್ತಾಗುವುದಿಲ್ಲ. ಕೇಳಿ ಕೇಳಿ ಇವರನ್ನು ಹಿಂಸೆ ಮಾಡ್ತಿದ್ದೇನಾ, ಕೇಳದೆ ಬಿಟ್ಟು ಕೊಲ್ತಿದ್ದೇನಾ?

ಮುಖ ನೋಡು ಅಂತಾಳೆ ರಶೀನಾ. ನೋಡಿದೆ. ನಾನು ಒಲೆಯ ಹತ್ತಿರ ಇದ್ದವಳು. ಇಷ್ಟು ವರ್ಷ ಇವರು ಗೋಡೆಯಾಚೆಯಿಂದ ಕರೆದರು, ನಾನು ಈಚೆಯಿಂದ ಓ ಅಂದೆ. ನನಗೆ ಗೊತ್ತಿದ್ದದ್ದು ಸ್ವರ. ಈ ಮುಖವನ್ನು ಓದಲಿಕ್ಕೆ ನನಗೆ ಬರುವುದಿಲ್ಲ.

ನಿಮಗೆ ಬರ್ತದೆ. ನೀವು ಇವರ ಎದುರು ಕೂತು ವಾದ ಮಾಡಿದವರು. ಇವರು ಬಾಯಿ ತೆರೆಯುವ ಮೊದಲೇ ಇನ್ನು ಬಿಟ್ಟುಕೊಡ್ತಾನೆ, ಇನ್ನು ಬಿಟ್ಟುಕೊಡುವುದಿಲ್ಲ ಅಂತ ಮುಖದಲ್ಲಿ ಗೊತ್ತಾಗ್ತದೆ ಅಂತ ನೀವೇ ನಮ್ಮ ಹೋಟೆಲಿನಲ್ಲಿ ಕೂತು ಹೇಳಿದ್ದು, ನಾನು ಒಳಗಿಂದ ಕೇಳಿದ್ದೇನೆ.

ನೀವು ಎಂತದ್ದೂ ಮಾತಾಡುವುದು ಬೇಡ. ಆ ಸೋಮವಾರದ ಮೊದಲು ಬನ್ನಿ, ಇವರ ಎದುರು ಕೂತುಕೊಳ್ಳಿ. ನಾನು ಚಾ ತಂದಿಟ್ಟು ಕೇಳ್ತೇನೆ. ಟೀಚರ್ ಬೇಡ ಅನ್ನುತ್ತದೆ. ಆಗ ನೀವು ಇವರ ಮುಖ ನೋಡಿ ನನಗೆ ಹೇಳಿ, ಇನ್ನೊಮ್ಮೆ ಕೇಳಬಹುದಾ ಅಂತ.

ಹೇಳಿದ್ದು ಸೇಸಮ್ಮ
ಬರೆದದ್ದು ರಶೀನಾ